ಗುಮ್ಮಟದಲ್ಲೊಂದು ಸತ್ತ ಜಾಗ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿ ನೀವು ನಗುವುದು ಬೇಡ. ದೊಡ್ಡಬಳ್ಳಾಪುರದ ನಮ್ಮ ಶೆಡ್ಡಿನಲ್ಲಿ ವಿಮಾನದ ಮೂತಿಗೆಂದು ಮಾಡಿದ ಗಾಜಿನ ನಾರಿನ ಗುಮ್ಮಟದಲ್ಲಿ ಅಂಗೈಯಗಲದ ಒಂದು ಜಾಗ ಸತ್ತಿತ್ತು. ನಾಣ್ಯದಿಂದ ತಟ್ಟಿದರೆ ಸುತ್ತೆಲ್ಲ ಟಿಣ್ ಎನ್ನುತ್ತಿದ್ದ ಗುಮ್ಮಟ ಅಲ್ಲಿ ಮಾತ್ರ ಡಬ್ ಎಂದು ಸುಮ್ಮನಾಗುತ್ತಿತ್ತು. ಆ ಜಾಗವನ್ನು ಕೊಂದವನು ನಾನು. ಮೂರು ಜನರನ್ನು ನಗಿಸಲು ಹೋಗಿ ಕೊಂದೆ. ಅದರ ಪಾಪ ಇನ್ನೊಬ್ಬರ ತಲೆಯ ಮೇಲೆ ಕೂತಿದ್ದಾಗ ನಾನು ಆ ತಲೆಯನ್ನೇ ನೋಡುತ್ತ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಬಾಯಿ ಮುಚ್ಚುವುದು ನನ್ನ ಜಾಯಮಾನದಲ್ಲಿ ಇಲ್ಲದ ಕೆಲಸ; ಅದನ್ನು ಕಲಿಯಲು ಅದೇ ದಿನ ಸಿಕ್ಕಬೇಕೆ?

ಶೆಡ್ಡಿನ ಗೋಡೆಯ ಮೇಲೆ ನಮ್ಮೆಲ್ಲರ ಒಂದು ಫೋಟೋ ಇದೆ. ಅದರಲ್ಲಿ ನನ್ನ ತಲೆ ಸುಲಿದ ತೆಂಗಿನಕಾಯಿಯ ಹಾಗಿದೆ. ಬಂದವರು "ಯಾವಾಗಪ್ಪ ತಿರುಪತಿಗೆ ಹೋಗಿದ್ದೆ?" ಎಂದು ಕೇಳುತ್ತಾರೆ. ಗೋವಿಂದ ಗೋವಿಂದ ಎಂದುಬಿಡುತ್ತೇನೆ. ನಿಜ ಸಂಗತಿ ಹೀಗಿದೆ.

ನಮ್ಮ ಯಜಮಾನರು ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರ ಕೆಲಸ ಬಿಟ್ಟು, ಮಾವನವರ ರೇಷ್ಮೆ ಮಗ್ಗಗಳ ಹಳೆಯ ಶೆಡ್ಡು ಹಿಡಿದು, ಸಣ್ಣ ಕೈಗಾರಿಕೆಗಳ ಸಂಶೋಧನೆಗೆ ಸರ್ಕಾರ ಕೊಡುವ ನೆರವು ಪಡೆದವರು. ವಿಮಾನದ ಮೂತಿಯೊಳಗೆ ರೇಡಾರ್ ಕೂತಿರುತ್ತದೆ. ಅದರ ಅಲೆಗಳು ತಗಡಿನ ಮೂತಿಯನ್ನು ತೂರಲಾರವು. ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಎಂಬ ಜೇನಿನಂಥ ಅಂಟು ಕುಡಿಸಿ, ಕಾಯಿಸಿ ಗಟ್ಟಿಮಾಡಿದ ಮೂತಿಯಾದರೆ ಸಲೀಸಾಗಿ ತೂರುತ್ತವೆ. ಪರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಆ ಮೂತಿಯನ್ನು ಇಲ್ಲೇ ಮಾಡಬಹುದೇ ಎಂಬುದು ಪ್ರಶ್ನೆ. ರೇಷ್ಮೆ ನೇಯ್ದ ಕೈಗಳಿಗಿಂತ ಹದವಾದ ಕೈ ಗಾಜಿನ ನೂಲಿಗೆ ಎಲ್ಲಿ ಸಿಕ್ಕೀತು ಎಂಬುದು ಯಜಮಾನರ ಉತ್ತರ. ಮೂರು ಗುಮ್ಮಟಕ್ಕೆ ಆಗುವಷ್ಟು ನೂಲು, ರೆಸಿನ್, ಒಂದು ದೊಡ್ಡ ಓವನ್, ಗಾಳಿ ಎಳೆಯುವ ಒಂದು ಪಂಪು ಬಂದವು. ಮೂರರಲ್ಲಿ ಒಂದು ಪಾಸಾಗಬೇಕು. ಆಗದಿದ್ದರೆ ಓವನ್ನೂ ಪಂಪೂ ಬಂದ ಲಾರಿಯಲ್ಲೇ ವಾಪಸ್, ಶೆಡ್ಡಿಗೆ ಬೀಗ.

ನಾನು ಅಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ಹಾಸನದ್ದಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ದಿನಾ ಬರುತ್ತಿದ್ದೆ. ಹೊರಡುವ ಮುಂಚೆ ನಮ್ಮವ್ವ ನನ್ನನ್ನು ಕೂರಿಸಿ, ಹಣೆಗೆ ಇಳಿಯುವಷ್ಟು ಕೊಬ್ಬರಿ ಎಣ್ಣೆ ತಲೆಗೆ ತಟ್ಟುತ್ತಿದ್ದಳು. ಅದರ ಮೇಲೆ ನಾನು ಬಾಚಣಿಗೆಯಿಂದ ಕಟ್ಟುತ್ತಿದ್ದ ಗೋಪುರ ಬೇರೆ. ನಮ್ಮಪ್ಪ ರಾಗಿ ಹೊಲದಲ್ಲಿ ನಿಂತು, ಮೇಲೆ ವಿಮಾನ ಹೋದರೆ ಸಾಕು, "ಅದ್ರ ಮೂತಿ ನಮ್ಮುಡುಗ ಮಾಡ್ತಾವ್ನೆ" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದ. ಆಗಿನ್ನೂ ನಾವು ಒಂದು ಸೊಳ್ಳೆಯ ಮೂತಿಯನ್ನೂ ಮಾಡಿರಲಿಲ್ಲ.

ಶೆಡ್ಡಿನಲ್ಲಿ ನನಗೆ ಇನ್ನೊಂದು ಹುದ್ದೆಯಿತ್ತು, ಯಾರೂ ನೇಮಿಸದೆ ದಕ್ಕಿದ್ದು: ಎಲ್ಲರನ್ನೂ ಅಣಕಿಸುವುದು. ಯಜಮಾನರ ತಲೆಯಲ್ಲಿ ಕೂದಲಿಲ್ಲ. ಮುಖ್ಯವಾದ ಮಾತು ಹೇಳುವ ಮುಂಚೆ ಅವರು ಬೋಳು ತಲೆಯನ್ನು ಹಣೆಯಿಂದ ಹಿಂದಕ್ಕೆ ಒಮ್ಮೆ ಸವರಿ, ಪ್ಯಾಂಟು ಮೇಲಕ್ಕೆಳೆದು, "ಆಯ್ತಪ್ಪಾ, ಆಯ್ತು" ಎನ್ನುವರು. ಏನೂ ಆಗದಿದ್ದಾಗಲೇ ಹಾಗೆನ್ನುವುದು. ಅವರು ಬರುವ ಮುಂಚೆ ಅವರಾಗಿ ನಾನು ಬಂದರೆ ಮಗ್ಗದವರು ಎದ್ದು ನಿಲ್ಲುತ್ತಿದ್ದರು. ನನ್ನನ್ನೇ ಅಣಕಿಸಿಕೊಳ್ಳುವ ಅಂಕವೂ ಒಂದಿತ್ತು: ಡಿಪ್ಲೊಮಾದವನು ಮೊದಲ ದಿನ ಮಗ್ಗದ ಕೆಳಗೆ ಬಗ್ಗಿ "ಇದಕ್ಕೆ ಮೋಟರ್ ಎಲ್ಲಿದೆ?" ಎಂದು ಕೈಮಗ್ಗವನ್ನು ಕೇಳಿದ್ದು. ಅದು ನಿಜವಾಗಿ ನಡೆದದ್ದು, ಆದ್ದರಿಂದ ಅದಕ್ಕೇ ಹೆಚ್ಚು ನಗು.

ಹೆಚ್ಚು ನಗುತ್ತಿದ್ದವರು ಅಕ್ಕ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅದೇ ಊರಿನ ನೇಕಾರರ ಬೀದಿಯವರು. ಪವರ್‌ಲೂಮಿನ ಮುಂದೆ ಮನೆಯ ಕೈಮಗ್ಗ ನಿಂತುಹೋಗಿತ್ತು, ಗಂಡನಿಗೆ ದಮ್ಮು. ಮನೆ ನಡೆಯುತ್ತಿದ್ದುದು ಅಕ್ಕನ ಕೈಯಿಂದ. ನನ್ನನ್ನು ಅವರು ಕರೆಯುತ್ತಿದ್ದುದು ಕೋಡಂಗಿ ಎಂದು.

ಕೆಲಸದ ಕ್ರಮ ಹೇಳದೆ ಮುಂದಿನದು ತಿಳಿಯದು. ಮಗ್ಗದ ಮನೆಯಲ್ಲಿ ಗಾಜಿನ ಬಟ್ಟೆ ನೇಯುವುದು. ನೂಲಿಗೆ ಮೊದಲೇ ಗಂಜಿ, ಎಣ್ಣೆ ಸವರಿರುತ್ತಾರೆ, ಇಲ್ಲದಿದ್ದರೆ ಲಾಳಿ ಓಡುವಾಗ ತುಂಡಾಗುತ್ತದೆ. ನೇಯ್ದ ಬಟ್ಟೆಯನ್ನು ಓವನ್ನಿಗೆ ಹಾಕಿದರೆ ಆ ಗಂಜಿ ಎಣ್ಣೆಯೆಲ್ಲ ಸುಟ್ಟು, ಬಟ್ಟೆ ಮೊದಲು ಕಂದಾಗಿ ಆಮೇಲೆ ಬೂದಿ ಕೊಡವಿದಂತೆ ಬೆಳ್ಳಗಾಗುತ್ತದೆ. ಆಮೇಲೆ ಅದನ್ನು ರೆಸಿನ್ ಚೆನ್ನಾಗಿ ಹಿಡಿಯಲೆಂದು ಒಂದು ಔಷಧಿಯ ನೀರಿನಲ್ಲಿ ಅದ್ದಿ ಒಣಗಿಸುವುದು. ಅಲ್ಲಿಂದ ಅಚ್ಚಿನ ಕೋಣೆ. ಗುಮ್ಮಟದ ಆಕಾರದ ಅಚ್ಚಿನ ಮೇಲೆ ಪದರ ಹಾಸಿ, ರೆಸಿನ್ ಸವರಿ, ರೋಲರ್ ಉರುಳಿಸಿ, ಮೇಲೆ ರಬ್ಬರ್ ಹಾಳೆ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೆದು, ಮತ್ತೆ ಓವನ್. ಓವನ್ನಿನಾಚೆಯ ಮಗ್ಗದ ಮನೆಯಲ್ಲಿ ಎಷ್ಟು ಎಣ್ಣೆ ಇದ್ದರೂ ಚಿಂತೆಯಿಲ್ಲ. ಈಚೆಗೆ, ಅಚ್ಚಿನ ಕೋಣೆಯಲ್ಲಿ, ಒಂದು ಬೆರಳ ಜಿಡ್ಡೂ ಕೂಡದು. ಜಿಡ್ಡಿದ್ದ ಕಡೆ ರೆಸಿನ್ ಬಟ್ಟೆಯನ್ನು ಹಿಡಿಯುವುದಿಲ್ಲ.

ತೊಂದರೆ ಏನೆಂದರೆ ಗಾಜು ಕೆರೆಯುತ್ತದೆ. ಕಣ್ಣಿಗೆ ಕಾಣದ ಸೂಜಿಗಳು ಚರ್ಮದೊಳಗೆ ಹೋಗಿ ಕೂತು ಮೊಣಕೈವರೆಗೂ ಉರಿಸುತ್ತವೆ. ಹೆಂಗಸರು ಅದಕ್ಕೆ ಮನೆಮದ್ದು ಕಂಡುಕೊಂಡಿದ್ದರು: ಕೈಗೆಲ್ಲ ಕೊಬ್ಬರಿ ಎಣ್ಣೆ. ಮಗ್ಗದಲ್ಲೂ ಅವರೇ, ಅಚ್ಚಿನ ಕೋಣೆಯಲ್ಲೂ ಅವರೇ.

ಸರ್ಕಾರದ ಪರೀಕ್ಷಾಧಿಕಾರಿ ಮೊದಲ ಸಲ ಬಂದಾಗ ಇದನ್ನೇ ಒತ್ತಿ ಹೇಳಿದರು. ಅವರದೊಂದು ರೀತಿ: ತಾವೇ ಪ್ರಶ್ನೆ ಕೇಳಿ, ಎರಡು ಸಲ ಕೆಮ್ಮಿ, ತಾವೇ ಉತ್ತರ ಕೊಡುವುದು. "ಎಣ್ಣೆ ಅಂದರೆ ಏನು? ಹ್ಞಂ, ಹ್ಞಂ. ಶತ್ರು." ಹೊರಡುವಾಗ ನನ್ನ ಕಡೆ ತಿರುಗಿ, "ಓವನ್ನಿನ ಈಚೆಗೆ ಎಣ್ಣೆಗೈ ಬರಕೂಡದು. ಎಲ್ಲರಿಗೂ ತಿಳಿಸಿ ಹೇಳು" ಎಂದರು.

ತಿಳಿಸಿ ಹೇಳಿದೆ. ಹೇಗೆ ಹೇಳಿದೆ ಎಂಬುದೇ ಗೋಳು. ಅವರ ಜೀಪು ತಿರುವು ದಾಟುವ ಮುಂಚೆ ನಾನು ಮಗ್ಗದ ಮನೆಯಲ್ಲಿ ಒಂದು ಸ್ಟೂಲಿನ ಮೇಲೆ ನಿಂತಿದ್ದೆ. "ಎಣ್ಣೆ ಅಂದರೆ ಏನು? ಹ್ಞಂ, ಹ್ಞಂ. ಶತ್ರು. ಬೆವರು ಅಂದರೆ ಏನು? ಹ್ಞಂ, ಹ್ಞಂ. ಶತ್ರುವಿನ ತಮ್ಮ. ಧೂಳು ಅಂದರೆ ಏನು? ಶತ್ರುವಿನ ಷಡ್ಡಕ. ನೊಣ ಅಂದರೆ ಏನು? ಶತ್ರುವಿನ ಮನೆಗೆ ಬಂದ ನೆಂಟ." ಮಗ್ಗಗಳು ನಿಂತವು. ಅಕ್ಕ ನಕ್ಕು ನಕ್ಕು, ಎಣ್ಣೆಗೈಯಿಂದಲೇ ಕಣ್ಣೊರೆಸಿಕೊಂಡು, "ಸಾಕು ನಿಲ್ಸ್ಲಾ ಕೋಡಂಗಿ, ಹೊಟ್ಟೆ ನೋಯ್ತದೆ" ಎಂದರು. ಓವನ್ನಿನ ಈಚೆ, ಆಚೆ ಎಂಬ ಮಾತನ್ನೂ ಹೇಳಿದೆನೆಂದೇ ನನ್ನ ನಂಬಿಕೆ. ನೊಣಕ್ಕಿಂತ ಮುಂಚೆ ಹೇಳಿದೆನೋ ಆಮೇಲೋ ನೆನಪಿಲ್ಲ. ಚಪ್ಪಾಳೆ ಮಾತ್ರ ನೆನಪಿದೆ.

ಮೊದಲ ಗುಮ್ಮಟ ಅಚ್ಚಿನಿಂದ ಬಿಟ್ಟುಬಂದಾಗ ಅಮೃತಶಿಲೆಯಂತಿತ್ತು. ಯಜಮಾನರು ಊದುಬತ್ತಿ ಹಚ್ಚಿದರು. ಪರೀಕ್ಷಾಧಿಕಾರಿ ಜೇಬಿನಿಂದ ನಾಣ್ಯ ತೆಗೆದು ಮೇಲಿಂದ ಕೆಳಗೆ ತಟ್ಟುತ್ತ ಬಂದರು. ಪದರಗಳು ಒಂದಕ್ಕೊಂದು ಬಿಗಿಯಾಗಿ ಕೂಡಿದ್ದರೆ ಗಂಟೆಯ ಸದ್ದು. ನಡುವೆ ಬಿಟ್ಟಿದ್ದರೆ ಕುಂಬಳಕಾಯಿಯ ಸದ್ದು. ನಮ್ಮದು ಒಂದು ಗಾಡಿ ಕುಂಬಳಕಾಯಿ. ಅವರು ಅಂಚಿನಿಂದ ಒಂದು ಪಟ್ಟಿ ಗರಗಸದಲ್ಲಿ ಕೊಯ್ಯಿಸಿ, ಪಾತ್ರೆಯ ನೀರಿನಲ್ಲಿ ಕುದಿಸಿ, ಆರಿಸಿ, ಉಗುರಿನಿಂದ ಎಬ್ಬಿಸಿದರು. ಪದರಗಳು ಚಿರೋಟಿಯಂತೆ ಬಿಡಿಬಿಡಿಯಾಗಿ ಎದ್ದವು. ಆಮೇಲೆ ಅಚ್ಚಿನ ಕೋಣೆಯ ಬೀರುವಿನಿಂದ ಒಂದು ಬಟ್ಟೆ ತೆಗೆದು ಮೂಸಿದರು.

"ಇದು ಏನು? ಕೊಬ್ಬರಿ ಎಣ್ಣೆ. ಹೇಳಿರಲಿಲ್ಲವೇ?"

ಯಜಮಾನರು ನನ್ನನ್ನು ನೋಡಿದರು. "ಹೇಳಿದ್ದೆ ಸಾರ್" ಎಂದೆ.

ಹೆಂಗಸರೆಲ್ಲ ಸಾಲಾಗಿ ಕೈ ಚಾಚಿ ತೋರಿಸಬೇಕಾಯಿತು. ಎಲ್ಲ ಕೈಗಳೂ ಹೊಳೆಯುತ್ತಿದ್ದವು. ಅಕ್ಕ ಬಾಯಿ ತೆರೆದರೆ ನನ್ನ ಸ್ಟೂಲು, ನನ್ನ ಷಡ್ಡಕ, ಎಲ್ಲ ಹೊರಗೆ ಬೀಳುತ್ತಿತ್ತು. ಅವರು, "ಅವನು ಹೇಳಿದ್ದ ಸ್ವಾಮಿ, ನಾವೇ ಮರ್ತ್ವಿ" ಎಂದರು. ಆಮೇಲೆ ನೀರಿನ ಹಂಡೆಯ ಹತ್ತಿರ ನನ್ನನ್ನು ಹಿಡಿದರು.

"ಏನ್ಲಾ, ನಿನ್ ಬಾಯಿಂದ ಬರೋದ್ರಲ್ಲಿ ಯಾವ್ದು ನಿಜ, ಯಾವ್ದು ಆಟ ಅಂತ ನಾವು ಹೆಂಗ್ ತಿಳ್ಕೊಳಾದು?"

"ತಪ್ಪಾಯ್ತು ಅಕ್ಕ."

"ಇದೂ ಯಾರ್ದೋ ದನಿ ಇದ್ದಂಗದೆ" ಎಂದು ಹೊರಟುಹೋದರು.

ಎರಡನೆಯದಕ್ಕೆ ನಾವೆಲ್ಲ ಸಾಧುಗಳಾದೆವು. ಅಚ್ಚಿನ ಕೋಣೆಗೆ ಬರುವ ಮುಂಚೆ ಸೀಗೇಪುಡಿಯಲ್ಲಿ ಕೈ ತೊಳೆದು, ಬಿಳಿಯ ಬಟ್ಟೆಯ ಗ್ಲೌಸು ತೊಟ್ಟು, ಮೇಲಂಗಿ ಹಾಕಿಕೊಳ್ಳಬೇಕು. ಎಣ್ಣೆ ಬಿಟ್ಟ ವಾರದಲ್ಲೇ ಹೆಂಗಸರ ಕೈಗಳು ಕೆಂಪಗೆ ಊದಿದವು. ಗ್ಲೌಸಿನ ನೂಲಿಗೂ ಗಾಜು ಹತ್ತಿ ಒಳಗೇ ಕೆರೆಯುತ್ತಿತ್ತು. ಚಿಕ್ಕ ವಯಸ್ಸಿನ ಇಬ್ಬರು, "ಇದಕ್ಕಿಂತ ಬೀಡಿ ಕಟ್ಟೋದು ಮೇಲು" ಎಂದು ಕೆಲಸ ಬಿಟ್ಟರು. ಅಕ್ಕ ಬಿಡಲಿಲ್ಲ. ಅವರು ರೋಲರ್ ಉರುಳಿಸುವಾಗ ಹಲ್ಲು ಕಚ್ಚುವುದು ನನಗೆ ಕೇಳಿಸುತ್ತಿತ್ತು. ಪದರಗಳು ಚೆನ್ನಾಗಿ ಕೂತವು, ರಬ್ಬರ್ ಹಾಳೆ ಮುಚ್ಚಿದೆವು, ಪಂಪು ಹಾಕಿದೆವು, ಹಾಳೆ ಗುಮ್ಮಟಕ್ಕೆ ಚರ್ಮದಂತೆ ಅಂಟಿತು. ಆಗ ಕರೆಂಟು ಹೋಯಿತು.

ಊರಿನ ಪವರ್‌ಲೂಮುಗಳೆಲ್ಲ ಒಂದೇ ಸಲ ನಿಂತಾಗ ದೊಡ್ಡಬಳ್ಳಾಪುರದಲ್ಲಿ ಎಂಥ ಮೌನ ಹುಟ್ಟುತ್ತದೆಂದು ಅಲ್ಲಿದ್ದವರಿಗೇ ಗೊತ್ತು. ಆ ಮೌನದಲ್ಲಿ ನಮ್ಮ ಹಾಳೆ ಉಸ್ ಎಂದು ಸಡಿಲವಾಗುವುದು ಎಲ್ಲರಿಗೂ ಕೇಳಿಸಿತು. ಯಜಮಾನರು ಎರಡು ಕೈಯಲ್ಲೂ ಹಾಳೆಯನ್ನು ಒತ್ತಿ ಹಿಡಿದುಕೊಂಡರು, ಮಗುವಿನ ತಲೆ ಹಿಡಿದಂತೆ. ಕರೆಂಟು ಬರುವ ಹೊತ್ತಿಗೆ ರೆಸಿನ್ ಗಟ್ಟಿಯಾಗಿತ್ತು. ಎರಡನೆಯ ಗುಮ್ಮಟದ ಮೈಯೆಲ್ಲ ಸೆಟ್ ದೋಸೆಯ ತೂತು.

ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು. ಯಜಮಾನರು ಎಲ್ಲಿಂದಲೋ ಒಂದು ಡೀಸೆಲ್ ಜನರೇಟರ್ ಬಾಡಿಗೆಗೆ ತಂದು ಪಕ್ಕದಲ್ಲಿಟ್ಟರು. ಇಡೀ ದಿನ ತಲೆ ಸವರಿಕೊಳ್ಳುತ್ತಿದ್ದರು. "ಆಯ್ತಪ್ಪಾ" ಎನ್ನುವುದನ್ನು ಮಾತ್ರ ನಿಲ್ಲಿಸಿದ್ದರು. ಅದು ನನಗೆ ಹೆದರಿಕೆ ಹುಟ್ಟಿಸಿತು. ಅಣಕಿಸುವವನಿಗೆ ಎದುರಿನವರ ಅಭ್ಯಾಸ ಬದಲಾದರೆ ಮೊದಲು ಗೊತ್ತಾಗುತ್ತದೆ. ಉಳಿದಿದ್ದ ಬಟ್ಟೆ ಒಂದೇ ಗುಮ್ಮಟಕ್ಕೆ ಸಾಲುವಷ್ಟು.

ಮೂರನೆಯದನ್ನು ಹಾಸುವ ದಿನ ಅಚ್ಚಿನ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಒಂದು ಕಡೆ, ಇನ್ನಿಬ್ಬರು ಎದುರು, ನಾನು ಬಟ್ಟೆಯ ಅಂಚು ಹಿಡಿದುಕೊಡುವವನು. ಪದರದ ಮೇಲೆ ಪದರ ಏರಿತು. ಅಕ್ಕನ ಕಣ್ಣಲ್ಲಿ ನೀರು ನಿಂತಿತ್ತು, ಕೆರೆತಕ್ಕೋ ಭಯಕ್ಕೋ ತಿಳಿಯದು. ಇನ್ನೊಬ್ಬಾಕೆಯ ರೋಲರ್ ಹಿಡಿದ ಕೈ ನಡುಗುತ್ತಿತ್ತು. ನಡುಗಿದರೆ ಗಾಳಿಯ ಗುಳ್ಳೆ ಒಳಗೇ ಉಳಿಯುತ್ತದೆ. ಇವರನ್ನು ಸ್ವಲ್ಪ ಹಗುರ ಮಾಡಬೇಕು ಅನ್ನಿಸಿತು. ನಾನು ಅಂಚು ಬಿಟ್ಟು, ನೆಟ್ಟಗೆ ನಿಂತು, ಯಜಮಾನರಾದೆ: ತಲೆಯನ್ನು ಹಣೆಯಿಂದ ಹಿಂದಕ್ಕೆ ನಿಧಾನವಾಗಿ ಸವರಿ, ಪ್ಯಾಂಟು ಎಳೆದು, "ಆಯ್ತಮ್ಮಾ, ಆಯ್ತು" ಎಂದೆ. ಆ ಮಾತು ಕೇಳದೆ ಎಷ್ಟೋ ದಿನವಾಗಿತ್ತಲ್ಲ, ಮೂವರೂ ಫಕ್ಕನೆ ನಕ್ಕರು. ನಡುಕ ನಿಂತಿತು. ನಾನು ಗೆದ್ದವನಂತೆ ಮತ್ತೆ ಬಗ್ಗಿ, ಅಕ್ಕನ ಕಡೆಯ ಬಟ್ಟೆ ಜಾರದಂತೆ ಅಂಗೈ ಊರಿ ಒತ್ತಿ ಹಿಡಿದೆ. "ಕೈ ತೆಗಿ, ರೆಸಿನ್ ಬಿಡ್ಬೇಕು" ಎಂದರು ಅಕ್ಕ. ತೆಗೆದೆ.

ಯಜಮಾನರು ತಲೆ ಸವರಿಕೊಂಡರೆ ಯಾರಿಗೂ ನಷ್ಟವಿಲ್ಲ, ಅಲ್ಲಿ ಬರೀ ಚರ್ಮ. ನಾನು ಸವರಿದ್ದು ನಮ್ಮವ್ವನ ಎಣ್ಣೆಯನ್ನು.

ಪಂಪು ನಿಲ್ಲಲಿಲ್ಲ. ಓವನ್ ಕೈಕೊಡಲಿಲ್ಲ. ಗುಮ್ಮಟ ಹೊರಗೆ ಬಂತು. ಪರೀಕ್ಷಾಧಿಕಾರಿ ತಟ್ಟತೊಡಗಿದರು. ಟಿಣ್. ಟಿಣ್. ಟಿಣ್. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ಟಿಣ್. ಟಿಣ್. ಡಬ್.

ಅವರು ಮತ್ತೆ ಅಲ್ಲೇ ತಟ್ಟಿದರು. ಸೀಮೆಸುಣ್ಣ ತೆಗೆದು ಸದ್ದು ಸತ್ತಲ್ಲೆಲ್ಲ ಚುಕ್ಕೆ ಇಡುತ್ತ ಹೋದರು. ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದರು. ಅಂಗೈ, ಅದರ ಪಕ್ಕಕ್ಕೆ ಹೆಬ್ಬೆರಳು.

"ಇದು ಏನು? ಹ್ಞಂ, ಹ್ಞಂ. ಕೈ. ಯಾರ ಕೈ?" ಮೊದಲ ಸಲ ಅವರ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ.

"ಈ ಕಡೆ ಯಾರಮ್ಮ ಇದ್ದೋರು?" ಎಂದರು ಯಜಮಾನರು.

"ನಾನೇ ಸ್ವಾಮಿ" ಎಂದರು ಅಕ್ಕ.

"ಕೈ ತೋರ್ಸು."

ಅಕ್ಕ ಗ್ಲೌಸು ಕಳಚಿದರು. ಚರ್ಮ ಅಲ್ಲಲ್ಲಿ ಒಡೆದಿತ್ತು. ಯಜಮಾನರು ಬಗ್ಗಿ ಮೂಸಿದರು. ಸೀಗೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆಯೂ ಸಿಕ್ಕಿರಬೇಕು. "ಎಣ್ಣೆ ಹಚ್ತಿದ್ಯಾ?"

"ಸಂಜೆ ಮನೇಲಿ ಹಚ್ಕೋತೀನಿ ಸ್ವಾಮಿ, ಇಲ್ದಿದ್ರೆ ನಿದ್ದೆ ಬರಲ್ಲ. ಬೆಳಿಗ್ಗೆ ಸೀಗೇಪುಡೀಲಿ ತಿಕ್ಕಿ ತಿಕ್ಕಿ ತೊಳ್ಕೊಂಡೇ ಬರೋದು. ಇಲ್ಲಿ ಗ್ಲೌಸು ಬಿಚ್ಚಿಲ್ಲ, ದೇವರಾಣೆ."

"ಸಾಕು. ನಾಳೆಯಿಂದ ಬರ್ಬೇಡ."

ಅಕ್ಕ ಸುತ್ತ ನೋಡಿದರು. ನನ್ನನ್ನೂ ನೋಡಿದರು; ನಾನು ಅವರ ಕಣ್ಣಿನಲ್ಲಿ ಏನನ್ನೂ ಹುಡುಕದೆ ಸೀಮೆಸುಣ್ಣದ ಕೈಯನ್ನೇ ನೋಡುತ್ತಿದ್ದೆ. ಆ ಹೆಬ್ಬೆರಳು ಅಕ್ಕನದಾಗಲು ತೀರಾ ಉದ್ದವಿತ್ತು. ಆಗ ನನಗೆ ನನ್ನ ಯಜಮಾನರ ಪಾತ್ರ ನೆನಪಾಯಿತು, ಹಣೆಯಿಂದ ಹಿಂದಕ್ಕೆ. ಬಾಯಿ ಮಾತ್ರ ತೆರೆಯಲಿಲ್ಲ. ಮೊದಲ ಗುಮ್ಮಟದ ದಿನ ಇದೇ ಕೋಣೆಯಲ್ಲಿ ಅಕ್ಕ ನನಗಾಗಿ "ನಾವೇ ಮರ್ತ್ವಿ" ಎಂದದ್ದು ಕಿವಿಯಲ್ಲಿತ್ತು. ಅವರ ದನಿಯಲ್ಲೇ, ಸ್ಪಷ್ಟವಾಗಿ. ಯಾರ ದನಿಯಾದರೂ ನನಗೆ ಬರುತ್ತದೆ. ನನ್ನದೇ ಬೇಕಾದಾಗ ಬರಲಿಲ್ಲ.

ನೇಕಾರರ ಬೀದಿ ಎಂಥದೆಂದು ಹೇಳಬೇಕಿಲ್ಲ. ಸಂಜೆಯೊಳಗೆ ಸುದ್ದಿ ಎಲ್ಲ ಮಗ್ಗಗಳನ್ನೂ ಮುಟ್ಟಿತ್ತು: ಸರ್ಕಾರದ ಸಾಮಾನು ಕೆಡಿಸಿದವಳು. ಇನ್ನು ಆ ಬೀದಿಯಲ್ಲಿ ಯಾರೂ ಅವರನ್ನು ಮಗ್ಗದ ಮುಂದೆ ಕೂರಿಸಲಾರರು.

ಪರೀಕ್ಷಾಧಿಕಾರಿ ಊರಿನ ಪ್ರವಾಸಿ ಬಂಗಲೆಯಲ್ಲಿ ಉಳಿದರು, ಮರುದಿನ ವರದಿ ಮುಗಿಸಿ ಹೊರಡುವುದಾಗಿ ಹೇಳಿದರು. ಎಲ್ಲರೂ ಹೋದ ಮೇಲೆ ನಾನು ಸೀಮೆಸುಣ್ಣದ ಗೆರೆಯ ಮೇಲೆ ಕೈ ಇಟ್ಟು ನೋಡಿದೆ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ಮನೆಗೆ ಹೋದರೆ ನಮ್ಮಪ್ಪ, "ಮೂತಿ ಆಯ್ತೇನ್ಲಾ?" ಎಂದ. ಆಯ್ತು ಎಂದೆ. ಬೆಳಿಗ್ಗೆ ಅವ್ವ ಎಣ್ಣೆ ಬಟ್ಟಲು ಹಿಡಿದು ಬಂದಾಗ ಬೇಡ ಎನ್ನಬೇಕೆಂದುಕೊಂಡೆ. ಯಾಕೆ ಅಂತ ಹೇಳಬೇಕಾಗುತ್ತಲ್ಲ ಎಂದು ತಲೆ ಒಡ್ಡಿದೆ. ಅಷ್ಟು ಪುಕ್ಕಲು.

ಶೆಡ್ಡಿಗೆ ಹೋದವನೇ ಯಜಮಾನರಿಗೆ ಹೇಳಿದೆ. "ಸಾರ್, ಅದು ಅಕ್ಕನ ಕೈ ಅಲ್ಲ. ನಂದು."

ಅವರು ಸುಸ್ತಾದ ಕಣ್ಣಿನಿಂದ ನೋಡಿದರು. "ಈಗ ಯಾರಪ್ಪಾ ಇದು? ಯಾವ ನಾಟಕದ ಹೀರೋ?"

"ಯಾರೂ ಅಲ್ಲ ಸಾರ್. ನಾನೇ ಮಾತಾಡ್ತಿರೋದು."

"ನೀನೇ ಅಂದ್ರೆ ಯಾರು ಅಂತ ನಮಗಿನ್ನೂ ಗೊತ್ತಾಗಿಲ್ಲವಲ್ಲೋ. ಹೋಗು, ಆ ಹೆಂಗಸು ಪಾಪ ಅನ್ನೋದು ನನಗೂ ಅನ್ನಿಸ್ತದೆ. ಅದಕ್ಕೆ ನಾಟಕ ಆಡ್ಬೇಡ. ವರದಿಗೆ ಒಂದು ಕಾರಣ ಬೇಕು, ಸಿಕ್ಕಿದೆ."

ಪರೀಕ್ಷಾಧಿಕಾರಿಯ ಜೀಪು ಬಂತು. ಅವರು ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು. ಆ ಮುಚ್ಚಳದ ಸದ್ದಿಗೆ ನನ್ನ ಬಾಯಿ ಬಿಚ್ಚಿತು. ಒಂದೇ ಉಸಿರಿಗೆ ಎಲ್ಲ ಹೇಳಿದೆ: ಸ್ಟೂಲು, ಶತ್ರು, ಷಡ್ಡಕ, ಅವರ ಮಾತನ್ನು ನಾನು ಆಟ ಮಾಡಿದ್ದರಿಂದಲೇ ಮೊದಲ ಗುಮ್ಮಟ ಹಾಳಾದದ್ದು, ಮೂರನೆಯದರ ಕೈ ನನ್ನದೆಂಬುದು. ಯಜಮಾನರು ಹುಸಿನಗೆ ನಕ್ಕು, "ಹುಡುಗ ಸ್ವಲ್ಪ ತಮಾಷೆ ಸ್ವಭಾವ ಸಾರ್" ಎಂದರು.

"ತಮಾಷೆ ಅಂದರೆ ಏನು?" ಎಂದ ಅಧಿಕಾರಿಗಳು ಉತ್ತರ ಕೊಡದೆ ನನ್ನ ಕಡೆ ಗ್ಲೌಸು ತಳ್ಳಿದರು. "ಆ ದಿನ ಏನು ಮಾಡಿದೆಯೋ ಅದನ್ನೇ ಮಾಡು. ಒಂದೂ ಬಿಡದೆ."

ನಾನು ಎಷ್ಟೋ ಸಲ ಎಷ್ಟೋ ಜನರ ಮುಂದೆ ಆಡಿದ್ದೇನೆ. ಅಣಕಕ್ಕೆ ಸಿಕ್ಕವರ ಮುಂದೆಯೇ, ನಗುವವರು ಒಬ್ಬರೂ ಇಲ್ಲದೆ, ಆಡಿದ್ದು ಅದೊಂದೇ. ಮೊದಲು ಸ್ಟೂಲಿನ ಅಂಕ. ಹ್ಞಂ, ಹ್ಞಂ. ಅಧಿಕಾರಿಗಳ ಮುಖ ಅಲ್ಲಾಡಲಿಲ್ಲ. ನೊಣದ ಹೊತ್ತಿಗೆ ನನ್ನ ದನಿ ಒಡೆದಿತ್ತು. ಆಮೇಲೆ ಗ್ಲೌಸು ತೊಟ್ಟು, ಅಚ್ಚಿನ ಪಕ್ಕ ಬಗ್ಗಿ, ಎದ್ದು ನಿಂತು, ಯಜಮಾನರಾದೆ. ನಾನು ಹೇಳದೆಯೇ ಕೈ ತಲೆಗೆ ಹೋಯಿತು.

"ನಿಲ್ಲು" ಎಂದರು ಅಧಿಕಾರಿಗಳು. "ಕೈ ಇಳಿಸಬೇಡ."

ಹತ್ತಿರ ಬಂದು ಗ್ಲೌಸನ್ನು ನನ್ನ ಕೈಯಿಂದ ಸುಲಿದು ಕಿಟಕಿಯ ಬೆಳಕಿಗೆ ಹಿಡಿದರು. ಅಂಗೈಯ ಭಾಗ ಎಣ್ಣೆ ಕುಡಿದು, ಬೋಂಡಾ ಕಟ್ಟಿದ ಕಾಗದದಂತೆ ಬೆಳಕು ಬಿಡುತ್ತಿತ್ತು. ಯಜಮಾನರು ತಮ್ಮ ಬೋಳು ತಲೆಯತ್ತ ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿಕೊಂಡರು.

"ಇದರಿಂದ ಪೂರ್ತಿ ರುಜುವಾತಾಗಲಿಲ್ಲ" ಎಂದರು ಅಧಿಕಾರಿಗಳು. "ಆ ಹೆಂಗಸಿನ ಕೈಯನ್ನೂ ಪರೀಕ್ಷೆ ಮಾಡಬೇಕು. ಕರೆದುಕೊಂಡು ಬಾ."

ಕರೆಯಲು ಹೋದದ್ದು ನಾನೇ. ಅಕ್ಕ ನಿಂತುಹೋದ ಮಗ್ಗದ ಗುಣಿಯ ಅಂಚಿನಲ್ಲಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನೆ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅಕ್ಕ ಎದ್ದು ಸೆರಗು ಕೊಡವಿದರು. "ಬರ್ತೀನಿ. ಶೆಡ್ಡು ಮುಟ್ಟೋವರ್ಗೂ ನೀನು ಒಂದ್ ಮಾತಾಡ್ಕೂಡ್ದು." ಬೀದಿಯುದ್ದಕ್ಕೂ ಮಗ್ಗದವರು ಬಾಗಿಲಿಗೆ ಬಂದು ನಮ್ಮನ್ನು ನೋಡಿದರು. ನಾನು ಮಾತಾಡಲಿಲ್ಲ.

ಮಿಕ್ಕಿದ್ದ ತುಂಡು ಬಟ್ಟೆಗಳಿಂದ ಊಟದ ಎಲೆಯಷ್ಟು ಅಗಲದ ಒಂದು ಹಲಗೆ ಹಾಕಿದೆವು. ಎಡಕ್ಕೆ, ಪ್ರತಿ ಪದರದ ಮೇಲೂ, ಅಕ್ಕ ದಿನಾ ಬರುವ ಹಾಗೆಯೇ ಸೀಗೆಯಲ್ಲಿ ತೊಳೆದು ಹೊಸ ಗ್ಲೌಸು ತೊಟ್ಟು ಅಂಗೈ ಊರಿದರು. ಬಲಕ್ಕೆ ನಾನು, ತಲೆ ಸವರಿದ ಗ್ಲೌಸಿನಿಂದ. ನಡುವೆ ಯಾರೂ ಮುಟ್ಟಲಿಲ್ಲ. ರೆಸಿನ್, ರೋಲರ್, ಹಾಳೆ, ಪಂಪು, ಓವನ್. ಅಧಿಕಾರಿಗಳು ಊಟಕ್ಕೂ ಏಳದೆ ಅಲ್ಲೇ ಕೂತರು. ಹಲಗೆ ಹೊರಬಂದು ಆರಿದ ಮೇಲೆ, ಯಜಮಾನರಿಂದ ಅದರ ಅಡಿಗೆ ಗುರುತು ಹಾಕಿಸಿ, ಯಾವ ಕಡೆ ಯಾರದೆಂದು ತಮಗೆ ತಿಳಿಯದಂತೆ ತಿರುಗಿಸಿ ಇಡಿಸಿ, ನಾಣ್ಯ ತೆಗೆದರು.

ಒಂದು ಕಡೆ ಟಿಣ್. ನಡುವೆ ಟಿಣ್. ಇನ್ನೊಂದು ಕಡೆ ಡಬ್. ಯಜಮಾನರು ಗುರುತು ನೋಡಿದರು. ಡಬ್ ಎಂದದ್ದು ನನ್ನದು. ನಾನು ಮೊದಲೇ ಬಲ್ಲೆ. ಆದರೂ ಆ ಸದ್ದು ಎದೆಗೇ ತಟ್ಟಿದ ಹಾಗಾಯಿತು.

ಅಧಿಕಾರಿಗಳು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಕಾರಣ ಗೊತ್ತಾಗದ ಸೋಲಿಗೆ ನೆರವು ನಿಲ್ಲಿಸಬೇಕು, ಕಾರಣ ಹಿಡಿದು ತೋರಿಸಿದ ಸೋಲಿಗೆ ಇನ್ನೊಂದು ಗುಮ್ಮಟದಷ್ಟು ಸಾಮಾನು ಕೇಳಬಹುದು ಎಂದರು. ಸಿಗುತ್ತದೆಂದು ಹೇಳಲಿಲ್ಲ, ಕೇಳುತ್ತೇನೆ ಎಂದರು. ನನ್ನ ಬಗ್ಗೆ ಏನು ಬರೆದರೋ ನಾನು ನೋಡಲಿಲ್ಲ. ಜೀಪು ಹತ್ತುವ ಮುಂಚೆ, "ನನ್ನ ಕೆಮ್ಮು ಸರಿಯಾಗಿಯೇ ಹಿಡಿದಿದ್ದೀಯ" ಎಂದಷ್ಟೇ ಹೇಳಿದರು. ಹೊಗಳಿಕೆಯೋ ಬೈಗುಳವೋ ಈಗಲೂ ತಿಳಿದಿಲ್ಲ.

ಯಜಮಾನರಿಗೆ ಅಕ್ಕನ ಮುಖ ನೋಡುವುದು ಕಷ್ಟವಾಗಿತ್ತು. ಪ್ಯಾಂಟು ಮೇಲಕ್ಕೆಳೆದರು. "ಆಯ್ತಮ್ಮಾ, ಆಯ್ತು. ನಾಳೆಯಿಂದ ಬಾ. ಆದ್ರೆ ಇನ್ಮೇಲೆ ಒಂದು ಕಟ್ಟುನಿಟ್ಟು. ಅಚ್ಚಿನ ಕೋಣೆ ಬಾಗಿಲಲ್ಲೇ ಎಲ್ಲರೂ ಕೈ ತೋರ್ಸಿ ಒಳಗೆ ಬರ್ಬೇಕು. ಮೊದ್ಲು ನೀನು ತೋರ್ಸು, ಉಳಿದೋರು ನೋಡಿ ಕಲೀತಾರೆ."

ಶೆಡ್ಡಿನ ಬಾಗಿಲಾಚೆ, ರಸ್ತೆಯ ಎದುರು, ಕ್ಷೌರದಂಗಡಿಯವನು ಕತ್ತಿ ಮಸೆಯುತ್ತ ಕೂತಿದ್ದ. ಅವನನ್ನೂ ನಾನು ಅಣಕಿಸಿದ್ದೆ. ಅಕ್ಕ ಅತ್ತ ಒಮ್ಮೆ ನೋಡಿ, ಕೈಗಳೆರಡನ್ನೂ ಸೆರಗಿನೊಳಗೆ ಸೇರಿಸಿಕೊಂಡರು.

"ನನ್ ಕೈ ಇನ್ನೆಷ್ಟ್ ಸಲ ನೋಡ್ತೀರಿ ಸ್ವಾಮಿ? ಮೊದ್ಲು ಇವನ ತಲೆ ಬೋಳಿಸಿ."